ಒಬ್ಬ ರೋಗಿ, ಎರಡು ಬಯಾಪ್ಸಿ: ಐಜಿಎ ನೆಫ್ರೋಪತಿಯಲ್ಲಿ ಅಂಗಾಂಶದ ಬದಲಾವಣೆಯೂ ರೋಗದ ಗತಿಯೂ

ಐಜಿಎ ಎಂಬ ಪ್ರತಿಕಾಯ ಮೂತ್ರಪಿಂಡದಲ್ಲಿ ತಂಗಿ ಉಂಟಾಗುವ ಕಾಯಿಲೆಯೇ ಐಜಿಎ ನೆಫ್ರೋಪತಿ. ಇಲ್ಲಿ ವಿವರಿಸಿರುವ ರೋಗಿ ಯಾವುದೇ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ನಮ್ಮ ರಾಜ್ಯದ ಮೂತ್ರಪಿಂಡ ವಿಭಾಗಗಳಲ್ಲಿ ಪದೇ ಪದೇ ಕಾಣಸಿಗುವ ಲಕ್ಷಣಗಳನ್ನು ಕೂಡಿಸಿ, ಓದಿನ ಅನುಕೂಲಕ್ಕಾಗಿ ಅವನ್ನು ಒಂದೇ ಪ್ರಕರಣವಾಗಿ ಹೆಣೆಯಲಾಗಿದೆ. ರೋಗಿಯ ವರದಿಗಳಲ್ಲಿನ ಅಂಕಿಗಳು ಆ ಹೆಣಿಗೆಗೆ ಸೇರಿದವು. ವರ್ಗೀಕರಣ, ಅಧ್ಯಯನಗಳು ಮತ್ತು ಚಿಕಿತ್ಸೆಗೆ ಸಂಬಂಧಿಸಿದ ಮಾತುಗಳು ಪ್ರಕಟಿತ ವೈದ್ಯಕೀಯ ಸಾಹಿತ್ಯಕ್ಕೆ ಸೇರಿದವು.

ರೋಗಿಯ ಸ್ಥಿತಿ

ಹಾಸನ ಜಿಲ್ಲೆಯ ಮೂಲದ, ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಸೇರಲಿದ್ದ 28 ವರ್ಷದ ಯುವಕನಿಗೆ ನೇಮಕಾತಿಗೆ ಮುಂಚಿನ ವೈದ್ಯಕೀಯ ತಪಾಸಣೆಯಲ್ಲಿ ಬಿಪಿ 158/98 ಇರುವುದೂ ಮೂತ್ರದಲ್ಲಿ ಪ್ರೋಟೀನ್ ಮೂರು ಪ್ಲಸ್ ಇರುವುದೂ ಗೊತ್ತಾಯಿತು. ಅವನಿಗೆ ಕಾಲು ಊತವಿರಲಿಲ್ಲ, ಮೂತ್ರ ಕಡಿಮೆಯಾಗಿರಲಿಲ್ಲ, ಸುಸ್ತೂ ಇರಲಿಲ್ಲ. ಕೆದಕಿ ಕೇಳಿದಾಗ, ಕಾಲೇಜಿನ ದಿನಗಳಲ್ಲಿ ಗಂಟಲು ನೋವು ಬಂದ ಮರುದಿನವೇ ಮೂತ್ರ ಚಹಾದ ಬಣ್ಣಕ್ಕೆ ತಿರುಗಿದ್ದು ಎರಡು ಬಾರಿ ಆಗಿತ್ತೆಂದೂ, ಅದನ್ನು ಉಷ್ಣವೆಂದು ತಿಳಿದು ಎಳನೀರು ಕುಡಿದು ಸುಮ್ಮನಾಗಿದ್ದನೆಂದೂ ಹೇಳಿದ. ಗಂಟಲಿನ ಸೋಂಕು ಬಂದು ಒಂದೆರಡು ದಿನಗಳೊಳಗೆ ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುವುದು ಐಜಿಎ ನೆಫ್ರೋಪತಿಯ ಕಡೆಗೆ ಬೊಟ್ಟು ಮಾಡುವ ಲಕ್ಷಣ; ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರದ ನೆಫ್ರೈಟಿಸ್ ಆಗಿದ್ದರೆ ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳ ಅಂತರ ಇರುತ್ತದೆ.

ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯವಾದ ಸೀರಮ್ ಕ್ರಿಯಾಟಿನಿನ್ 1.7 ಮಿಲಿಗ್ರಾಂ ಇತ್ತು. ಅವನ ವಯಸ್ಸಿಗೆ ಲೆಕ್ಕ ಹಾಕಿದರೆ ಇಜಿಎಫ್ಆರ್, ಅಂದರೆ ಮೂತ್ರಪಿಂಡಗಳು ನಿಮಿಷಕ್ಕೆ ರಕ್ತವನ್ನು ಸೋಸುವ ಅಂದಾಜು ಪ್ರಮಾಣ, ಸುಮಾರು 56 ಆಗುತ್ತದೆ. ದಿನದ ಮೂತ್ರದಲ್ಲಿ 2.4 ಗ್ರಾಂ ಪ್ರೋಟೀನ್ ಸೋರುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಆಕಾರಗೆಟ್ಟ ಕೆಂಪು ರಕ್ತಕಣಗಳಿದ್ದವು. ಸ್ಕ್ಯಾನಿಂಗ್‌ನಲ್ಲಿ ಮೂತ್ರಪಿಂಡಗಳ ಗಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಮತ್ತು ಲೂಪಸ್ ಪರೀಕ್ಷೆಗಳು ನೆಗೆಟಿವ್ ಬಂದವು. ರಕ್ತದ ರಕ್ಷಣಾ ಪ್ರೋಟೀನ್‌ಗಳಾದ ಕಾಂಪ್ಲಿಮೆಂಟ್ ಸಿ3 ಮತ್ತು ಸಿ4 ಸಹಜ ಮಟ್ಟದಲ್ಲಿದ್ದವು. ಇಷ್ಟರಿಂದ ಐಜಿಎ ನೆಫ್ರೋಪತಿಯನ್ನು ಊಹಿಸಬಹುದೇ ಹೊರತು ಖಚಿತಪಡಿಸಲಾಗದು, ಏಕೆಂದರೆ ಈ ಕಾಯಿಲೆಗೆ ಇಂದಿಗೂ ಒಪ್ಪಿತವಾದ ರಕ್ತಪರೀಕ್ಷೆಯಿಲ್ಲ. 1968ರಲ್ಲಿ ಪ್ಯಾರಿಸ್ಸಿನಲ್ಲಿ ಜಾನ್ ಬರ್ಜೆ ಮತ್ತು ನಿಕೋಲ್ ಆಂಗ್ಲೆ ಅವರು ಮೊದಲ ಬಾರಿಗೆ ಇದನ್ನು ಗುರುತಿಸಿದ್ದೂ ಬಯಾಪ್ಸಿಯ ತುಣುಕಿನ ಮೇಲೆ ಇಮ್ಯುನೊಫ್ಲೋರೆಸೆನ್ಸ್, ಅಂದರೆ ಅಂಗಾಂಶದಲ್ಲಿ ತಂಗಿದ ಪ್ರತಿಕಾಯಗಳನ್ನು ಹೊಳೆಯುವ ಬಣ್ಣದಿಂದ ತೋರಿಸುವ ಪರೀಕ್ಷೆ, ನಡೆಸಿದ್ದರಿಂದಲೇ.

ಮೊದಲ ಬಯಾಪ್ಸಿ

ಬಿಪಿಯನ್ನು ಹತೋಟಿಗೆ ತಂದ ಮೇಲೆ ಅಲ್ಟ್ರಾಸೌಂಡ್ ನೆರವಿನಿಂದ ಎರಡು ತುಣುಕುಗಳನ್ನು ತೆಗೆಯಲಾಯಿತು. ಒಂದನ್ನು ಫಾರ್ಮಲಿನ್‌ನಲ್ಲಿ, ಇನ್ನೊಂದನ್ನು ಇಮ್ಯುನೊಫ್ಲೋರೆಸೆನ್ಸ್‌ಗೆಂದು ಮಿಶೆಲ್ ದ್ರಾವಣದಲ್ಲಿ ಇಟ್ಟು ಕಳುಹಿಸಲಾಯಿತು. ಜಿಲ್ಲಾ ಮಟ್ಟದಲ್ಲಿ ಎರಡನೆಯ ತುಣುಕನ್ನೂ ಫಾರ್ಮಲಿನ್‌ಗೇ ಹಾಕಿಬಿಡುವುದುಂಟು; ಹಾಗಾದಾಗ ವರದಿಯಲ್ಲಿ ಜೀವಕೋಶಗಳ ಹೆಚ್ಚಳದ ವಿವರಣೆ ಸಿಗುತ್ತದೆಯೇ ಹೊರತು ರೋಗದ ಹೆಸರು ಸಿಗುವುದು ಕಷ್ಟವಾಗುತ್ತದೆ.

ಈ ತುಣುಕಿನಲ್ಲಿ 16 ಗ್ಲೋಮೆರುಲಸ್‌ಗಳು, ಅಂದರೆ ರಕ್ತ ಸೋಸುವ ಸೂಕ್ಷ್ಮನಾಳಗಳ ಗುಚ್ಛಗಳು, ಸಿಕ್ಕವು. ಅವುಗಳಲ್ಲಿ 3 ಪೂರ್ತಿ ಕಲೆಗಟ್ಟಿದ್ದವು. ಉಳಿದ 13ರಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಮೆಸಾಂಜಿಯಂನಲ್ಲಿ (ಸೂಕ್ಷ್ಮನಾಳಗಳ ನಡುವಿನ ಆಧಾರ ಅಂಗಾಂಶದಲ್ಲಿ) ಕೋಶಗಳ ಸಂಖ್ಯೆ ಹೆಚ್ಚಿತ್ತು, 3ರಲ್ಲಿ ಸೂಕ್ಷ್ಮನಾಳಗಳ ಒಳಗೇ ಕೋಶಗಳು ತುಂಬಿಕೊಂಡು ರಕ್ತದ ದಾರಿ ಕಿರಿದಾಗಿತ್ತು, 4ರಲ್ಲಿ ಗುಚ್ಛದ ಒಂದು ಭಾಗ ಮಾತ್ರ ಕಲೆಗಟ್ಟಿತ್ತು, ಆ ನಾಲ್ಕರ ಪೈಕಿ ಎರಡರಲ್ಲಿ ಸೂಕ್ಷ್ಮನಾಳಗಳನ್ನು ಹೊರಗಿನಿಂದ ಹೊದ್ದಿರುವ ಪೋಡೊಸೈಟ್ ಕೋಶಗಳು ಊದಿಕೊಂಡಿದ್ದವು, 2ರಲ್ಲಿ ಕ್ರೆಸೆಂಟ್‌ಗಳು, ಅಂದರೆ ಗುಚ್ಛವನ್ನು ಒತ್ತುವ ಅರ್ಧಚಂದ್ರಾಕಾರದ ಕೋಶರಾಶಿಗಳು, ಇದ್ದವು. ಮೂತ್ರಪಿಂಡದ ಹೊರಪದರದ ಸುಮಾರು 35 ಶೇಕಡಾ ಭಾಗದಲ್ಲಿ ಸೋಸಿದ ದ್ರವವನ್ನು ಒಯ್ಯುವ ನಳಿಕೆಗಳು ಸೊರಗಿ, ಅವುಗಳ ನಡುವಿನ ಅಂಗಾಂಶ ನಾರುಗಟ್ಟಿತ್ತು. ಇಮ್ಯುನೊಫ್ಲೋರೆಸೆನ್ಸ್‌ನಲ್ಲಿ ಮೆಸಾಂಜಿಯಂ ಉದ್ದಕ್ಕೂ ಐಜಿಎ ಮೂರು ಪ್ಲಸ್, ಸಿ3 ಎರಡು ಪ್ಲಸ್ ಕಂಡವು, ಸಿ1ಕ್ಯೂ ಇರಲಿಲ್ಲ. ವರದಿಯ ಕೊನೆಯ ಸಾಲು ಹೀಗಿತ್ತು: ಎಂ1 ಇ1 ಎಸ್1 ಟಿ1 ಸಿ1.

ಈ ಅಕ್ಷರಗಳು ಆಕ್ಸ್‌ಫರ್ಡ್ ವರ್ಗೀಕರಣಕ್ಕೆ ಸೇರಿದವು. 265 ರೋಗಿಗಳ ಬಯಾಪ್ಸಿಗಳನ್ನು ಹಲವು ದೇಶಗಳ ತಜ್ಞರು ಪರಸ್ಪರ ಹೊಂದಿಸಿ ನೋಡಿ, ಬೇರೆ ಬೇರೆ ಕಣ್ಣುಗಳು ಒಂದೇ ರೀತಿಯಲ್ಲಿ ಗುರುತಿಸಬಲ್ಲ ಮತ್ತು ಮುಂದಿನ ಗತಿಯನ್ನು ಸೂಚಿಸಬಲ್ಲ ಬದಲಾವಣೆಗಳನ್ನಷ್ಟೇ ಉಳಿಸಿಕೊಂಡು 2009ರಲ್ಲಿ ಇದನ್ನು ಪ್ರಕಟಿಸಿದರು. ಎಂ ಎಂದರೆ ಮೆಸಾಂಜಿಯಂನ ಕೋಶವೃದ್ಧಿ, ಇ ಎಂದರೆ ಸೂಕ್ಷ್ಮನಾಳದೊಳಗಿನ ಕೋಶವೃದ್ಧಿ, ಎಸ್ ಎಂದರೆ ಭಾಗಶಃ ಕಲೆ, ಟಿ ಎಂದರೆ ನಳಿಕೆಗಳ ಸೊರಗುವಿಕೆ ಮತ್ತು ನಾರುಗಟ್ಟುವಿಕೆ. ಮೂಲ ಅಧ್ಯಯನದಲ್ಲಿ ಇಜಿಎಫ್ಆರ್ 30ಕ್ಕಿಂತ ಕಡಿಮೆ ಇದ್ದವರನ್ನು ಹೊರಗಿಟ್ಟಿದ್ದರಿಂದ ಕ್ರೆಸೆಂಟ್‌ನ ತೂಕ ಆಗ ಸರಿಯಾಗಿ ತಿಳಿದಿರಲಿಲ್ಲ. ನಾಲ್ಕು ಸಮೂಹಗಳ 3096 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ಬಳಿಕ 2017ರಲ್ಲಿ ಸಿ ಸೇರಿತು. ಟಿಯಲ್ಲಿ 25 ಶೇಕಡಾವರೆಗೆ ಸೊನ್ನೆ, 26ರಿಂದ 50ರವರೆಗೆ ಒಂದು, ಅದಕ್ಕಿಂತ ಮೇಲೆ ಎರಡು. ಸಿಯಲ್ಲಿ ಕ್ರೆಸೆಂಟ್ ಇಲ್ಲದಿದ್ದರೆ ಸೊನ್ನೆ, ಇರುವ ಗುಚ್ಛಗಳು 25 ಶೇಕಡಾಕ್ಕಿಂತ ಕಡಿಮೆಯಿದ್ದರೆ ಒಂದು, ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎರಡು.

ಅಕ್ಷರಗಳನ್ನಷ್ಟೇ ಬರೆದು ಮುಗಿಸುವ ವರದಿ ಅಪೂರ್ಣವೆಂಬುದು ಈ ಲೇಖಕನ ಅಭಿಪ್ರಾಯ. 27 ಶೇಕಡಾ ನಾರುಗಟ್ಟಿದವನೂ 49 ಶೇಕಡಾ ನಾರುಗಟ್ಟಿದವನೂ ಟಿ1 ಎಂಬ ಒಂದೇ ಗುರುತಿನಡಿ ಬರುತ್ತಾರೆ. ಆದರೆ ಅವರಿಬ್ಬರ ಮುಂದಿನ ಐದು ವರ್ಷಗಳು ಒಂದೇ ಬಗೆಯಲ್ಲಿ ಸಾಗುವುದಿಲ್ಲ. ಎಷ್ಟು ಗುಚ್ಛಗಳನ್ನು ನೋಡಲಾಯಿತು ಎಂಬುದೂ ಬೇಕು. ಒಂದೊಂದು ಮೂತ್ರಪಿಂಡದಲ್ಲಿ ಸರಾಸರಿ ಹತ್ತು ಲಕ್ಷದಷ್ಟು ಗುಚ್ಛಗಳಿರುವಾಗ ಸೂಜಿಗೆ ಸಿಕ್ಕುವುದು ಹತ್ತಿಪ್ಪತ್ತು. ಕನಿಷ್ಠ 8 ಇರಲೇಬೇಕೆಂದು ಆಕ್ಸ್‌ಫರ್ಡ್ ತಂಡ ಹೇಳಿದ್ದು ಈ ಕಾರಣಕ್ಕೆ. ಅಲ್ಲಲ್ಲಿ ಮಾತ್ರ ಇರುವ ಕ್ರೆಸೆಂಟ್ ಚಿಕ್ಕ ತುಣುಕಿನಲ್ಲಿ ತಪ್ಪಿಹೋಗಬಹುದು. ವಿಸ್ತಾರವಾಗಿ ಹರಡಿರುವ ನಾರುಗಟ್ಟುವಿಕೆ ಅಷ್ಟು ಸುಲಭವಾಗಿ ತಪ್ಪಿಹೋಗುವುದಿಲ್ಲ.

ಗುಚ್ಛದಿಂದ ನಳಿಕೆಗೆ

ಕಾಯಿಲೆ ಹುಟ್ಟುವುದು ಗುಚ್ಛದಲ್ಲಿ; ಮೂತ್ರಪಿಂಡ ಎಷ್ಟು ಬೇಗ ಸೋಲುತ್ತದೆ ಎಂಬುದನ್ನು ಎಲ್ಲಕ್ಕಿಂತ ಬಲವಾಗಿ ಸೂಚಿಸುವುದು ನಳಿಕೆಗಳ ಸುತ್ತಲಿನ ಅಂಗಾಂಶ. ಪ್ರಕರಣದ ತಿರುಳಿರುವುದು ಈ ಅಂತರದಲ್ಲಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕಾಗುತ್ತದೆ.

ಐಜಿಎ1 ಅಣುವಿನ ಕೀಲಿನಂಥ ಭಾಗಕ್ಕೆ ಅಂಟಿಕೊಂಡಿರುವ ಸಕ್ಕರೆಯ ಸರಪಳಿಗಳಲ್ಲಿ ಗ್ಯಾಲಕ್ಟೋಸ್ ಕೊರತೆಯಾದಾಗ ಅದನ್ನು ಪರಕೀಯವೆಂದು ಭಾವಿಸಿ ದೇಹವು ಪ್ರತಿಕಾಯಗಳನ್ನು ತಯಾರಿಸುತ್ತದೆ. ಇವೆರಡೂ ಕೂಡಿ ಉಂಟಾದ ಸಂಕೀರ್ಣಗಳು ಮೆಸಾಂಜಿಯಂನಲ್ಲಿ ತಂಗಿ, ಕಾಂಪ್ಲಿಮೆಂಟ್ ವ್ಯವಸ್ಥೆಯನ್ನು ಕೆರಳಿಸಿ, ಅಲ್ಲಿನ ಕೋಶಗಳು ಹೆಚ್ಚುವಂತೆ ಮಾಡುತ್ತವೆ. ಆದರೆ ಐಜಿಎ ತಂಗಿದ್ದೆಲ್ಲ ಕಾಯಿಲೆಯಾಗುವುದಿಲ್ಲ. ಜಪಾನಿನಲ್ಲಿ ಕಸಿಗಾಗಿ ಪಡೆದ ಮೂತ್ರಪಿಂಡಗಳನ್ನು ಪರೀಕ್ಷಿಸಿದಾಗ ಸುಮಾರು 16 ಶೇಕಡಾ ಮೂತ್ರಪಿಂಡಗಳಲ್ಲಿ ಐಜಿಎ ಇತ್ತು, ದಾನಿಗಳಿಗೆ ಕಾಯಿಲೆಯ ಲಕ್ಷಣವಿರಲಿಲ್ಲ. ಹಾಗಾಗಿ ಇಮ್ಯುನೊಫ್ಲೋರೆಸೆನ್ಸ್‌ನ ಪ್ಲಸ್ ಗುರುತುಗಳು ರೋಗಕ್ಕೆ ಹೆಸರು ಕೊಡುತ್ತವೆ, ಅದರ ವೇಗವನ್ನು ಹೇಳುವುದಿಲ್ಲ.

ವೇಗ ನಿರ್ಧಾರವಾಗುವುದು ಆಮೇಲೆ. ಉರಿಯೂತದಿಂದ ಜಖಂಗೊಂಡ ಗುಚ್ಛದ ಗೋಡೆಯಿಂದ ಪೋಡೊಸೈಟ್‌ಗಳು ಕಳಚಿಕೊಳ್ಳುತ್ತವೆ. ಆ ಜಾಗದಲ್ಲಿ ಕಲೆ ಏಳುತ್ತದೆ. ಸೋರಿದ ಪ್ರೋಟೀನ್ ನಳಿಕೆಗೆ ಇಳಿಯುತ್ತದೆ. ಆ ಪ್ರೋಟೀನನ್ನು ಹೀರಿಕೊಳ್ಳಬೇಕಾದ ನಳಿಕೆಯ ಕೋಶಗಳು ಭಾರ ತಾಳಲಾರದೆ ಉರಿಯೂತದ ಸಂಕೇತಗಳನ್ನು ಹೊರಬಿಡುತ್ತವೆ, ಸುತ್ತಲಿನ ಫೈಬ್ರೊಬ್ಲಾಸ್ಟ್‌ಗಳು ಕೊಲಾಜನ್ ಹೆಣೆಯತೊಡಗುತ್ತವೆ. ಇದರ ಜತೆಗೆ ರಕ್ತಪೂರೈಕೆಯ ತೊಂದರೆಯೂ ಸೇರುತ್ತದೆ: ನಳಿಕೆಗಳನ್ನು ಸುತ್ತುವರಿದ ಲೋಮನಾಳಗಳಿಗೆ ರಕ್ತ ಬರುವುದು ಗುಚ್ಛವನ್ನು ದಾಟಿದ ನಂತರವೇ ಆದ್ದರಿಂದ, ಮೇಲೆ ಗುಚ್ಛ ಮುಚ್ಚಿದರೆ ಕೆರೆಯ ತೂಬು ಕಟ್ಟಿಕೊಂಡಾಗ ಕೆಳಗಿನ ಗದ್ದೆ ಒಣಗುವಂತೆ ನಳಿಕೆಗಳು ಆಮ್ಲಜನಕವಿಲ್ಲದೆ ಸೊರಗುತ್ತವೆ. ಗುಚ್ಛ ಚೆನ್ನಾಗಿದ್ದೂ ಅದರ ನಳಿಕೆ ನಾರಿನಲ್ಲಿ ಸಿಕ್ಕಿ ಸತ್ತರೆ ಆ ನೆಫ್ರಾನ್, ಅಂದರೆ ಗುಚ್ಛ ಮತ್ತು ನಳಿಕೆ ಸೇರಿದ ಘಟಕ, ಕೆಲಸಕ್ಕೆ ಬಾರದು. ಬದುಕುಳಿದ ನೆಫ್ರಾನ್‌ಗಳ ಮೇಲೆ ಒತ್ತಡ ಹೆಚ್ಚುತ್ತದೆ, ಅವೂ ಸೋರತೊಡಗುತ್ತವೆ. ಈ ಹಂತಕ್ಕೆ ಬಂದ ಮೇಲೆ ಐಜಿಎಯ ಹಾವಳಿ ನಿಂತರೂ ನಷ್ಟ ತನ್ನಷ್ಟಕ್ಕೆ ಮುಂದುವರಿಯಬಲ್ಲದು.

ಆಕ್ಸ್‌ಫರ್ಡ್ ಅಧ್ಯಯನದಲ್ಲಿ ಬಯಾಪ್ಸಿಯ ಸಮಯದ ಇಜಿಎಫ್ಆರ್, ಬಿಪಿ ಮತ್ತು ಪ್ರೋಟೀನ್ ಮೂರನ್ನೂ ಗಣನೆಗೆ ತೆಗೆದುಕೊಂಡ ಮೇಲೂ ಟಿ ತನ್ನ ಸೂಚನಾಬಲವನ್ನು ಉಳಿಸಿಕೊಂಡಿತ್ತು. ಯುರೋಪಿನ 13 ದೇಶಗಳ 1147 ರೋಗಿಗಳನ್ನು ಒಳಗೊಂಡು 2014ರಲ್ಲಿ ಪ್ರಕಟವಾದ ವ್ಯಾಲಿಗಾ ಅಧ್ಯಯನದಲ್ಲೂ ಎಂ, ಎಸ್ ಮತ್ತು ಟಿ ಮಹತ್ವದವೆಂದು ಕಂಡುಬಂತು. ಇ ಮತ್ತು ಸಿ ಬೇರೆ ಜಾತಿಯವು. ಅವು ಇಂದು ನಡೆಯುತ್ತಿರುವ ಉರಿಯೂತದ ಕುರುಹುಗಳು. ಸ್ಟೀರಾಯ್ಡ್ ಪಡೆದವರಲ್ಲಿ ಅವುಗಳ ಸೂಚನಾಬಲ ಕುಗ್ಗುತ್ತದೆ, ಪಡೆಯದವರಲ್ಲಿ ಎದ್ದು ಕಾಣುತ್ತದೆ. ಸಿ1 ವಿಷಯದಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿದೆ; ಸಿ2 ಮಾತ್ರ ಚಿಕಿತ್ಸೆ ಕೊಟ್ಟರೂ ಕೆಟ್ಟ ಸೂಚನೆಯಾಗಿಯೇ ಉಳಿಯುತ್ತದೆ. ಒಂದೇ ವರದಿಯ ಸಾಲಿನಲ್ಲಿ ಹೀಗೆ ಮರಳಿಸಬಹುದಾದ ಮತ್ತು ಮರಳಿಸಲಾಗದ ಬದಲಾವಣೆಗಳು ಅಕ್ಕಪಕ್ಕ ಕೂತಿರುತ್ತವೆ.

ಚಿಕಿತ್ಸೆಯ ನಿರ್ಧಾರ

ನಮ್ಮ ರೋಗಿಯಲ್ಲಿ ಐದೂ ಇದ್ದವು. ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಕೆಡಿಗೋದ 2021ರ ಆವೃತ್ತಿ, ಆಕ್ಸ್‌ಫರ್ಡ್ ಅಂಕವನ್ನು ಮಾತ್ರ ನಂಬಿ ಸ್ಟೀರಾಯ್ಡ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಸಾಕಷ್ಟು ಆಧಾರವಿಲ್ಲ ಎನ್ನುತ್ತದೆ. 2019ರಲ್ಲಿ ಬಂದ ಅಂತರರಾಷ್ಟ್ರೀಯ ಮುನ್ಸೂಚಕ ಸೂತ್ರವು ಎಂ, ಇ, ಎಸ್, ಟಿಗಳನ್ನು ಬಿಪಿ, ಪ್ರೋಟೀನ್ ಮತ್ತು ಇಜಿಎಫ್ಆರ್ ಜತೆ ಸೇರಿಸಿ ಅಪಾಯವನ್ನು ಲೆಕ್ಕ ಹಾಕುತ್ತದೆ. ಆದರೆ ಅದರಲ್ಲಿ ಭಾರತೀಯ ಮೂಲದವರಿಗೆ ಪ್ರತ್ಯೇಕ ವಿಭಾಗವಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ತಂಡವು ಭಾರತೀಯ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ಅಧ್ಯಯನದಲ್ಲಿ ನಮ್ಮವರು ತಡವಾಗಿ, ಹೆಚ್ಚು ಹಾನಿಯೊಂದಿಗೆ ಬರುತ್ತಾರೆ ಮತ್ತು ಬೇಗ ಕುಸಿಯುತ್ತಾರೆ ಎಂಬುದು ಕಂಡಿರುವುದರಿಂದ, ಈ ಸೂತ್ರದ ಉತ್ತರವನ್ನು ಕನಿಷ್ಠ ಅಂದಾಜೆಂದು ಓದುವುದೇ ಕ್ಷೇಮ.

ಮೊದಲ ಮೂರು ತಿಂಗಳು ಬಿಪಿ ಇಳಿಸುವ ಟೆಲ್ಮಿಸಾರ್ಟಾನನ್ನು 80 ಮಿಲಿಗ್ರಾಂವರೆಗೆ ಏರಿಸಿ, ಮೂತ್ರಪಿಂಡವನ್ನು ಕಾಯುವ ಡಪಾಗ್ಲಿಫ್ಲೋಜಿನ್ 10 ಮಿಲಿಗ್ರಾಂ ಸೇರಿಸಿ, ಉಪ್ಪನ್ನು ದಿನಕ್ಕೆ 5 ಗ್ರಾಂ ಒಳಗೆ ಇಳಿಸಲು ಹೇಳಲಾಯಿತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಡುವುದು ಅವನಿಗೆ ಮಾತ್ರೆ ನುಂಗುವುದಕ್ಕಿಂತ ಕಷ್ಟವಾಯಿತು. ಪ್ರೋಟೀನ್ 2.4ರಿಂದ 1.6 ಗ್ರಾಂಗೆ ಬಂದು ನಿಂತಿತು. ಕ್ರೆಸೆಂಟ್ 25 ಶೇಕಡಾಕ್ಕಿಂತ ಕಡಿಮೆ ಇದ್ದು ಕ್ರಿಯಾಟಿನಿನ್ ಸ್ಥಿರವಾಗಿದ್ದುದರಿಂದ ರೋಗನಿರೋಧಕ ವ್ಯವಸ್ಥೆಯನ್ನು ಬಲವಾಗಿ ತಗ್ಗಿಸುವ ಸೈಕ್ಲೊಫಾಸ್ಫಮೈಡ್ ಬೇಕಿರಲಿಲ್ಲ. ಆದರೆ ಇ1, ಸಿ1 ಮತ್ತು ಊದಿದ ಪೋಡೊಸೈಟ್‌ಗಳು ಆರಿಸಬಹುದಾದ ಉರಿ ಇನ್ನೂ ಉಳಿದಿದೆ ಎಂದು ಸೂಚಿಸುತ್ತಿದ್ದವು. ಭಾರತವೂ ಪಾಲ್ಗೊಂಡಿದ್ದ, 503 ರೋಗಿಗಳ, ಟೆಸ್ಟಿಂಗ್ ಎಂಬ ಹೆಸರಿನ ಅಧ್ಯಯನದಲ್ಲಿ ಪೂರ್ಣ ಪ್ರಮಾಣದ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗಂಭೀರ ಸೋಂಕುಗಳಿಗೆ ಎಡೆಮಾಡಿಕೊಟ್ಟಿದ್ದರಿಂದ ಪ್ರಮಾಣವನ್ನು ತಗ್ಗಿಸಲಾಗಿತ್ತು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂತ್ರಪಿಂಡಕ್ಕೆ ಲಾಭವಾಗುವುದು ಕಂಡುಬಂತು. ಆ ತಗ್ಗಿಸಿದ ಕ್ರಮದಂತೆ ಕಿಲೋ ತೂಕಕ್ಕೆ 0.4 ಮಿಲಿಗ್ರಾಂ ಲೆಕ್ಕದಲ್ಲಿ ಎರಡು ತಿಂಗಳು ಕೊಟ್ಟು, ನಂತರ ತಿಂಗಳಿಗೆ 4 ಮಿಲಿಗ್ರಾಂನಂತೆ ಇಳಿಸುತ್ತ ಬರಲಾಯಿತು. ಜತೆಗೆ ಸೋಂಕು ತಡೆಯಲು ಕೋಟ್ರೈಮಾಕ್ಸಜೋಲ್ ಇತ್ತು. ಆರಂಭಕ್ಕೆ ಮುನ್ನ ಎದೆಯ ಎಕ್ಸ್‌ರೇ ತೆಗೆದು ಕ್ಷಯದ ಸುಳಿವಿಲ್ಲವೆಂದು ನೋಡಿಕೊಳ್ಳಲಾಗಿತ್ತು, ನಮ್ಮಲ್ಲಿ ಅದನ್ನು ಬಿಡುವಂತೆಯೇ ಇಲ್ಲ. ವರ್ಷದ ಕೊನೆಗೆ ಪ್ರೋಟೀನ್ 0.7 ಗ್ರಾಂ, ಕ್ರಿಯಾಟಿನಿನ್ 1.6.

ಎರಡನೆಯ ಬಯಾಪ್ಸಿ

ಆಮೇಲೆ ಅವನು ಬರುವುದನ್ನು ನಿಲ್ಲಿಸಿದ. ಯಾವ ತೊಂದರೆಯೂ ಇಲ್ಲದಿದ್ದುದರಿಂದ ಮಾತ್ರೆಗಳನ್ನೂ ಬಿಟ್ಟ. ಕಾರ್ಖಾನೆಯಲ್ಲಿ ನಿಂತು ಮಾಡುವ ಕೆಲಸದಿಂದ ಬೆನ್ನು ನೋವು ಶುರುವಾದಾಗ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಿದ್ದ. 31ನೇ ವಯಸ್ಸಿನಲ್ಲಿ ತಲೆನೋವೆಂದು ಮತ್ತೆ ಬಂದಾಗ ಬಿಪಿ 170/104, ಕ್ರಿಯಾಟಿನಿನ್ 2.9, ಪ್ರೋಟೀನ್ 2.2 ಗ್ರಾಂ ಇತ್ತು. ನೋವಿನ ಮಾತ್ರೆ ನಿಲ್ಲಿಸಿ ಬಿಪಿ ಸರಿಪಡಿಸಿ ಎರಡು ವಾರ ಕಾದಾಗ ಕ್ರಿಯಾಟಿನಿನ್ 2.6ಕ್ಕೆ ಇಳಿದು ಅಲ್ಲೇ ಉಳಿಯಿತು. ಇಜಿಎಫ್ಆರ್ ಲೆಕ್ಕದಲ್ಲಿ ಅದು 33.

ಈಗಿನ ಪ್ರಶ್ನೆ ಮೊದಲಿನದಕ್ಕಿಂತ ಇಕ್ಕಟ್ಟಿನದು. ಐಜಿಎ ಮತ್ತೆ ಕೆರಳಿ ಹೊಸ ಕ್ರೆಸೆಂಟ್‌ಗಳೆದ್ದಿರಬಹುದು, ನೋವಿನ ಮಾತ್ರೆಯಿಂದ ನಳಿಕೆಗಳ ನಡುವೆ ಅಲರ್ಜಿಯ ಉರಿಯೂತವಾಗಿರಬಹುದು, ಅಥವಾ ಹಳೆಯ ಕಲೆ ಹಬ್ಬಿರಬಹುದು. ಮೊದಲ ಎರಡಕ್ಕೆ ಸ್ಟೀರಾಯ್ಡ್ ಉಪಯೋಗಕ್ಕೆ ಬರಬಹುದು, ಮೂರನೆಯದಕ್ಕೆ ಅದರಿಂದ ಹಾನಿ ಮಾತ್ರ. ಪ್ರೋಟೀನ್ ಪ್ರಮಾಣ ಮೂರರಲ್ಲೂ ಏರಬಲ್ಲದಾದ್ದರಿಂದ ಮೂತ್ರದ ವರದಿ ಇಲ್ಲಿ ದಾರಿ ತೋರಿಸಲಾರದು. ಮತ್ತೆ ಸೂಜಿ ಹಾಕಬೇಕೇ ಎಂದು ಮನೆಯವರು ಹಿಂಜರಿದರು. ವಿವರಿಸಿದ ಮೇಲೆ ಒಪ್ಪಿದರು.

14 ಗುಚ್ಛಗಳಲ್ಲಿ 6 ಪೂರ್ತಿ ಕಲೆಗಟ್ಟಿದ್ದವು, ಉಳಿದ 8ರಲ್ಲಿ 5 ಭಾಗಶಃ. ಸೂಕ್ಷ್ಮನಾಳದೊಳಗಿನ ಕೋಶವೃದ್ಧಿ ಇರಲಿಲ್ಲ. ಕ್ರೆಸೆಂಟ್‌ಗಳೂ ಇರಲಿಲ್ಲ. ಹೊರಪದರದ ಸುಮಾರು 60 ಶೇಕಡಾ ಭಾಗ ನಾರುಗಟ್ಟಿತ್ತು. ನಡುವೆ ಅಲರ್ಜಿಯನ್ನು ಸೂಚಿಸುವ ಇಯೊಸಿನೊಫಿಲ್ ಕೋಶಗಳ ಗುಂಪಾಗಲಿ ತೀವ್ರ ಉರಿಯೂತವಾಗಲಿ ಇರಲಿಲ್ಲ. ಸಣ್ಣ ಅಪಧಮನಿಗಳ ಗೋಡೆ ಬಿಪಿಯಿಂದ ದಪ್ಪಗಾಗಿತ್ತು. ಎಂ1 ಇ0 ಎಸ್1 ಟಿ2 ಸಿ0.

ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ, ಚಿಕಿತ್ಸೆಗೆ ಸಿಗಬೇಕಾಗಿದ್ದ ಇ ಮತ್ತು ಸಿ ಮಾಯವಾಗಿದ್ದವು. ಇದು ಮರುಬಯಾಪ್ಸಿಯ ಪ್ರಕಟಿತ ಅನುಭವಕ್ಕೆ ಹೊಂದುತ್ತದೆ. ಅಷ್ಟರಮಟ್ಟಿಗೆ ಸ್ಟೀರಾಯ್ಡ್ ತನ್ನ ಕೆಲಸ ಮಾಡಿತ್ತು. ಟಿ ಮಾತ್ರ 35ರಿಂದ 60ಕ್ಕೆ ಏರಿತ್ತು. ಔಷಧಿಯಿಲ್ಲದ ತಿಂಗಳುಗಳ ಬಿಪಿ ಮತ್ತು ಪ್ರೋಟೀನ್ ಇದರಲ್ಲಿ ದೊಡ್ಡ ಪಾಲು ಹೊಂದಿರುವುದು ಸಂಭವನೀಯ. ಆದರೆ ಎಲ್ಲವನ್ನೂ ರೋಗಿಯ ಮೇಲೆ ಹೊರಿಸುವುದು ನ್ಯಾಯವಲ್ಲ, ಏಕೆಂದರೆ ಅವನು ಮೊದಲ ಬಾರಿ ಬಂದಾಗಲೇ ಮೂರರಲ್ಲೊಂದು ಭಾಗ ನಾರಾಗಿತ್ತು. ಬ್ರಿಟನ್ನಿನ ಅಪರೂಪದ ಮೂತ್ರಪಿಂಡ ಕಾಯಿಲೆಗಳ ನೋಂದಣಿಯ ಮಾಹಿತಿ 2023ರಲ್ಲಿ ಪ್ರಕಟವಾದಾಗ, ಕಡಿಮೆ ಅಪಾಯದವರೆಂದು ಭಾವಿಸಿದ್ದ, ಪ್ರೋಟೀನ್ ಸುಮಾರು 0.5ರಿಂದ 1 ಗ್ರಾಂ ನಡುವೆ ಇದ್ದ ಗುಂಪಿನಲ್ಲೂ ಸುಮಾರು 30 ಶೇಕಡಾ ಜನರ ಮೂತ್ರಪಿಂಡ ಹತ್ತು ವರ್ಷದೊಳಗೆ ವಿಫಲವಾಗಿದ್ದು ಗೊತ್ತಾಯಿತು. 0.7 ಗ್ರಾಂ ಎಂಬುದನ್ನು ಗೆಲುವೆಂದು ಬರೆದುಕೊಂಡ ದಿನವೇ ಅದು ಸಾಲದೆನ್ನಬೇಕಿತ್ತು. 2025ರ ಕೆಡಿಗೋ ಮಾರ್ಗಸೂಚಿ ಗುರಿಯನ್ನು 0.5 ಗ್ರಾಂಗಿಂತ ಕಡಿಮೆಗೆ, ಸಾಧ್ಯವಾದರೆ 0.3ಕ್ಕಿಂತ ಕಡಿಮೆಗೆ ಇಳಿಸಿದೆ.

ಎರಡನೆಯ ಬಯಾಪ್ಸಿಯ ನೇರ ಪ್ರಯೋಜನವೆಂದರೆ ಮತ್ತೊಂದು ಸುತ್ತಿನ ಸ್ಟೀರಾಯ್ಡ್ ತಪ್ಪಿದ್ದು. ಕರುಳಿನ ಕೊನೆಯ ಭಾಗದಲ್ಲಿ ಬಿಡುಗಡೆಯಾಗುವ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಬಗ್ಗೆ ಮನೆಯವರು ಕೇಳಿದರು; ಅದರ ಮುಖ್ಯ ಪ್ರಯೋಗದಲ್ಲಿ ಇಜಿಎಫ್ಆರ್ 35ರಿಂದ 90ರ ನಡುವಿನವರನ್ನಷ್ಟೇ ಸೇರಿಸಿಕೊಂಡಿತ್ತು, ಉರಿಯೂತವೇ ಕಾಣದ ಟಿ2 ಅಂಗಾಂಶದಲ್ಲಿ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸುವಂತಿರಲಿಲ್ಲ. ಟೆಲ್ಮಿಸಾರ್ಟಾನ್ ಮತ್ತು ಡಪಾಗ್ಲಿಫ್ಲೋಜಿನ್ ಮತ್ತೆ ಆರಂಭವಾದವು, ಪೊಟ್ಯಾಶಿಯಂ ಮೇಲೆ ಕಣ್ಣಿಡಲಾಯಿತು, ಬೆನ್ನು ನೋವಿಗೆ ಪ್ಯಾರಾಸಿಟಮಾಲ್ ಮತ್ತು ವ್ಯಾಯಾಮ ಸೂಚಿಸಲಾಯಿತು. ಹೆಪಟೈಟಿಸ್ ಬಿ ಲಸಿಕೆ ಕೊಡಲಾಯಿತು. ಮುಂದೆ ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸುವ ಫಿಸ್ಟುಲಾ ಬೇಕಾದೀತೆಂದು ಎಡಗೈಯ ರಕ್ತನಾಳಗಳಿಗೆ ಸೂಜಿ ಚುಚ್ಚಿಸಿಕೊಳ್ಳಬಾರದೆಂದು ಹೇಳಲಾಯಿತು. ಡಯಾಲಿಸಿಸ್‌ಗೆ ಮುನ್ನವೇ ಕಸಿ ಸಾಧ್ಯವೇ ಎಂಬ ಮಾತೂ ಆಗಲೇ ಎದ್ದಿತು. ಕಸಿ ಮಾಡಿದ ಮೂತ್ರಪಿಂಡದಲ್ಲೂ ಐಜಿಎ ಮರಳಿ ತಂಗಬಹುದು, ಹಾಗಿದ್ದೂ ಕಸಿಯೇ ಅವನಿಗೆ ಉತ್ತಮ ಆಯ್ಕೆ ಎಂಬುದನ್ನು ಎರಡು ಭೇಟಿಗಳಲ್ಲಿ ವಿವರಿಸಲಾಯಿತು.

ತಾಯಿಯೂ ತಮ್ಮನೂ ದಾನಕ್ಕೆ ಮುಂದೆ ಬಂದರು. ಕೆಲವು ಕುಟುಂಬಗಳಲ್ಲಿ ಈ ಕಾಯಿಲೆ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಕಾಣಿಸಿಕೊಳ್ಳುವುದರಿಂದ ಸಂಬಂಧಿಕ ದಾನಿಗಳ ಮೂತ್ರವನ್ನು ಒಂದಕ್ಕಿಂತ ಹೆಚ್ಚು ಬಾರಿ ನೋಡುವುದು ರೂಢಿ. ತಾಯಿಯ ಮೂತ್ರ ಸ್ವಚ್ಛವಾಗಿತ್ತು. 26 ವರ್ಷದ ತಮ್ಮನ ಮೂತ್ರದಲ್ಲಿ ಎರಡೂ ಬಾರಿ ಕೆಂಪು ರಕ್ತಕಣಗಳಿದ್ದವು, ಪ್ರೋಟೀನ್ ದಿನಕ್ಕೆ 0.6 ಗ್ರಾಂ ಇತ್ತು, ಕ್ರಿಯಾಟಿನಿನ್ 0.9. ದಾನಿಯಾಗಿ ಅವನನ್ನು ಕೈಬಿಡಲಾಯಿತು. ಕ್ರಿಯಾಟಿನಿನ್ ಸರಿಯಾಗಿಯೇ ಇರುವಾಗ ಬಯಾಪ್ಸಿ ಏಕೆಂದು ತಂದೆ ಕೇಳಿದರು. ಪ್ರೋಟೀನ್ 0.5 ಗ್ರಾಂ ದಾಟಿದ ವಯಸ್ಕರಲ್ಲಿ ಐಜಿಎ ನೆಫ್ರೋಪತಿಯ ಅನುಮಾನವಿದ್ದರೆ ಬಯಾಪ್ಸಿಯನ್ನು ಪರಿಗಣಿಸಬೇಕೆಂದು 2025ರ ಮಾರ್ಗಸೂಚಿ ಹೇಳುತ್ತದೆಂದೂ, ಟಿ ಇನ್ನೂ ಸೊನ್ನೆಯಲ್ಲಿರುವ ಸಾಧ್ಯತೆ ಇರುವುದು ಈಗಲೇ ಎಂದೂ ಅವರಿಗೆ ಉತ್ತರಿಸಲಾಯಿತು. ತಮ್ಮನ ಹೆಸರನ್ನು ಮುಂದಿನ ವಾರದ ಬಯಾಪ್ಸಿ ಪಟ್ಟಿಗೆ ಸೇರಿಸಲಾಯಿತು.